ಕಿವಿಯ ಪಾಠ: ಗಡಿನಾಡಿನ ತರಗತಿಯಲ್ಲಿ ಪಾಡ್‌ಕಾಸ್ಟ್

(ಬಾನುಲಿ ಭಾಷಣ)

ನಮ್ಮಲ್ಲಿ ವಿದ್ವಾಂಸನಿಗೆ 'ಬಹುಶ್ರುತ' ಎಂಬ ಹೆಸರುಂಟು. ಬಹಳ ಕೇಳಿದವನು ಎಂದು ಅದರ ಅರ್ಥ; ಓದಿನ ಪ್ರಸ್ತಾಪವೇ ಆ ಪದದಲ್ಲಿಲ್ಲ. ವೇದಕ್ಕೆ ಶ್ರುತಿ ಎಂದರು. ಕಲಿಕೆಯ ಮೆಟ್ಟಿಲುಗಳನ್ನು ಎಣಿಸುವಾಗ ಶ್ರವಣವನ್ನು ಮೊದಲಿಟ್ಟು, ಮನನ ನಿದಿಧ್ಯಾಸನಗಳನ್ನು ಅದರ ಹಿಂದೆ ಇಟ್ಟರು. ಊರ ಗುಡಿಯಲ್ಲಿ ಗಮಕಿಯೊಬ್ಬರು ಭಾರತವನ್ನು ವಾಚಿಸಿ, ಪಕ್ಕದಲ್ಲಿ ಕುಳಿತವರು ಅರ್ಥ ಹೇಳುತ್ತಿದ್ದರೆ, ಅಕ್ಷರದ ಪರಿಚಯವೇ ಇಲ್ಲದ ಮುದುಕನೂ ಕುಮಾರವ್ಯಾಸನನ್ನು ಬಲ್ಲವನಾಗುತ್ತಿದ್ದ. ಇಂಥ ನಾಡಿನ ಶಾಲೆಗಳಲ್ಲಿ ಕಿವಿಗೆ ಇರುವ ಕೆಲಸ ಕಡಿಮೆಯಾಗುತ್ತ ಬಂದಿದೆ. ಮಗು ಕರಿಹಲಗೆಯನ್ನು ನೋಡುತ್ತದೆ, ಪುಸ್ತಕವನ್ನು ನೋಡುತ್ತದೆ, ಈಚೀಚೆಗೆ ಪರದೆಯನ್ನೂ ನೋಡುತ್ತದೆ. ಕೇಳುವುದೆಂದರೆ 'ಗದ್ದಲ ಮಾಡದೆ ಕೂತು ಕೇಳು' ಎಂಬ ಆಜ್ಞೆಯಾಗಿ ಉಳಿದಿದೆ. ಕೇಳುವುದೂ ಒಂದು ವಿದ್ಯೆ, ಅದನ್ನೂ ಕಲಿಸಬೇಕಾಗುತ್ತದೆ ಎಂಬ ಮಾತು ಪಠ್ಯಕ್ರಮದ ಪುಸ್ತಕಗಳಲ್ಲಿ ಇದೆ. ತರಗತಿಯ ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿರುವುದು ಅಪರೂಪ.

ಈ ವಿಚಾರವನ್ನು ಇಂದು ಎತ್ತಿಕೊಳ್ಳಲು ಕಾರಣ, ಪಾಡ್‌ಕಾಸ್ಟ್ ಎಂಬ ಸಾಧನ. ಮಾತನ್ನೋ ಕಥೆಯನ್ನೋ ಸಂದರ್ಶನವನ್ನೋ ಧ್ವನಿಮುದ್ರಿಸಿ, ವಾರಪತ್ರಿಕೆಯ ಸಂಚಿಕೆಗಳಂತೆ ಒಂದರ ಹಿಂದೊಂದನ್ನು ಇಂಟರ್ನೆಟ್ಟಿನಲ್ಲಿ ಇಡುತ್ತಾರೆ. ಬೇಕಾದವರು ಅದನ್ನು ತಮ್ಮ ಫೋನಿಗೆ ಇಳಿಸಿಕೊಂಡು ಬಿಡುವಾದಾಗ ಕೇಳುತ್ತಾರೆ. ಇದಿಷ್ಟೇ ಅದರ ಮರ್ಮ. ಆಪಲ್ ಕಂಪನಿಯ ಐಪಾಡ್ ಎಂಬ ಪುಟ್ಟ ಯಂತ್ರದ ಹೆಸರಿನ ಬಾಲಕ್ಕೆ, ಪ್ರಸಾರ ಎಂಬರ್ಥದ ಬ್ರಾಡ್‌ಕಾಸ್ಟ್ ಪದದ ಬಾಲವನ್ನು ಗಂಟುಹಾಕಿ, ಬೆನ್ ಹ್ಯಾಮರ್‌ಸ್ಲಿ ಎಂಬ ಇಂಗ್ಲಿಷ್ ಪತ್ರಕರ್ತರು 2004ರಲ್ಲಿ ಈ ಹೆಸರನ್ನು ಬಳಸಿದರು. ಐಪಾಡಿನ ತಯಾರಿಕೆ 2022ರಲ್ಲಿ ನಿಂತಿತು. ಹೆಸರು ಮಾತ್ರ ಬದುಕಿಕೊಂಡಿದೆ. ರೇಡಿಯೊಗೆ ಬಾನುಲಿ ಎಂಬ ಸೊಗಸಾದ ಪದ ಒದಗಿದಂತೆ ಇದಕ್ಕೊಂದು ಕನ್ನಡ ಪದ ಇನ್ನೂ ಜನರ ಬಾಯಿಗೆ ಹತ್ತಿಲ್ಲವಾದ್ದರಿಂದ ನಾನೂ ಪಾಡ್‌ಕಾಸ್ಟ್ ಎಂದೇ ಕರೆಯುತ್ತೇನೆ.

ಇದನ್ನು ತರಗತಿಗೆ ತರುವ ಬಗೆಯನ್ನು ರಾಜಧಾನಿಯ ಯಾವುದೋ ಅನುಕೂಲಸ್ಥ ಶಾಲೆಯನ್ನು ಕಣ್ಣೆದುರಿಗೆ ಇಟ್ಟುಕೊಂಡು ವಿವರಿಸಬಹುದಾಗಿತ್ತು. ನಾನು ಬೀದರ ನಗರ, ಭಾಲ್ಕಿ, ಔರಾದಗಳನ್ನು ಆಯ್ದುಕೊಂಡಿದ್ದೇನೆ. ಏಕೆಂದರೆ ಕಿವಿಯ ಪಾಠದ ಅಗತ್ಯ ಇಲ್ಲಿರುವಷ್ಟು ತೀವ್ರವಾಗಿ ಬೇರೆ ಕಡೆ ಇರಲಾರದು. ಕರ್ನಾಟಕದ ಭೂಪಟದ ನೆತ್ತಿಯ ಮೇಲಿರುವ ಈ ಜಿಲ್ಲೆಗೆ ಒಂದು ಮಗ್ಗುಲಲ್ಲಿ ಮಹಾರಾಷ್ಟ್ರ, ಮತ್ತೊಂದರಲ್ಲಿ ತೆಲಂಗಾಣ. ಬೀದರ ನಗರದ ಪೇಟೆಯಲ್ಲಿ ದಖನಿ ಉರ್ದು ಕೇಳುತ್ತದೆ. ಭಾಲ್ಕಿಯ ಹಳ್ಳಿಗಳಲ್ಲಿ ಮರಾಠಿ ಮನೆಮಾತಾದ ಕುಟುಂಬಗಳು ಬಹಳ. ಔರಾದ ತಾಲ್ಲೂಕಿನಲ್ಲಿ ಮರಾಠಿಯ ಜೊತೆಗೆ ತಾಂಡಾಗಳ ಲಂಬಾಣಿ ಇದೆ, ಗಡಿಯ ಅಂಚಿಗೆ ಹೋದರೆ ತೆಲುಗು ಇದೆ. ಇವೆಲ್ಲದರ ನಡುವೆ ಬೀದರದ ಕನ್ನಡ. ಒಂದೇ ಬೆಂಚಿನ ಮೇಲೆ ಕುಳಿತ ನಾಲ್ವರು ಮಕ್ಕಳಿಗೆ ನಾಲ್ಕು ಮನೆಮಾತು ಇರುವುದು ಇಲ್ಲಿ ಆಶ್ಚರ್ಯದ ಸಂಗತಿಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಮನಾಬಾದಿನ ಬಳಿ ಬಾಳಿದ ಮಾಣಿಕಪ್ರಭುಗಳು ಕನ್ನಡ, ಮರಾಠಿ, ಉರ್ದು ಮೊದಲಾದ ಹಲವು ನುಡಿಗಳಲ್ಲಿ ಪದಗಳನ್ನು ಕಟ್ಟಿದ್ದು ಸುಮ್ಮನೆಯಲ್ಲ. ಕೇಳುವ ಮಂದಿ ಅಂಥವರಿದ್ದರು.

ಈ ಬಹುಭಾಷಿಕತೆ ಸಂಪತ್ತೆಂಬುದು ನಿಜ. ಆದರೆ ಶಾಲೆಯ ಹೊಸ್ತಿಲಿನಲ್ಲಿ ಅದೇ ತೊಡಕೂ ಆಗುತ್ತದೆ. ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉನ್ನತ ಶಿಕ್ಷಣವೂ ಉರ್ದುವಿನಲ್ಲೇ ನಡೆಯಿತು. ಆ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದನ್ನು ಬೀದರ ಜಿಲ್ಲೆಯ ಜನ ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. 1890ರಲ್ಲಿ ಹುಟ್ಟಿ 1999ರವರೆಗೆ ಬಾಳಿದ ಆ ಹಿರಿಯರು 1948ರ ವಿಮೋಚನೆಯನ್ನೂ, 1956ರಲ್ಲಿ ಬೀದರ ಕನ್ನಡನಾಡಿಗೆ ಸೇರಿದ್ದನ್ನೂ ಕಂಡರು. ಈಗ ಫಲಕ ಕನ್ನಡದ್ದೇ ಆಗಿದೆ. ಮರಾಠಿ ಮತ್ತು ಉರ್ದು ಮಾಧ್ಯಮದ ಶಾಲೆಗಳೂ ಜಿಲ್ಲೆಯಲ್ಲಿ ನಡೆಯುತ್ತಿವೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಮೊದಲ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕೆಂದು ವಿಧಿಸಿತು. ಕಾನೂನು ಕನ್ನಡವನ್ನು ವೇಳಾಪಟ್ಟಿಗೆ ತರಬಲ್ಲುದು. ಕಿವಿಗೆ ತರುವ ಕೆಲಸ ಅಧ್ಯಾಪಕರಿಗೆ ಉಳಿಯುತ್ತದೆ.

ಕಿವಿ ಎಂದು ಇಷ್ಟು ಒತ್ತಿ ಹೇಳುವುದೇಕೆ? ಒಂದು ಚಿಕ್ಕ ಉದಾಹರಣೆ ಕೊಡುತ್ತೇನೆ. ಕನ್ನಡದಲ್ಲಿ 'ಎ' ಬೇರೆ, 'ಏ' ಬೇರೆ. 'ಒ' ಬೇರೆ, 'ಓ' ಬೇರೆ. ಮರಾಠಿಯಲ್ಲಿ ಈ ಹ್ರಸ್ವ ದೀರ್ಘಗಳ ಭೇದದಿಂದ ಅರ್ಥ ಬದಲಾಗುವುದಿಲ್ಲ. ಮರಾಠಿ ಬರೆಯುವ ನಾಗರಿ ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರ. ಹೀಗಿರುವಲ್ಲಿ ಮರಾಠಿ ಮನೆಯ ಮಗುವಿಗೆ ಕೊಡು, ಕೋಡು ಎಂಬೆರಡು ಮಾತುಗಳು ಒಂದೇ ಆಗಿ ಕೇಳಿಸಿದರೆ ಅದು ಮಗುವಿನ ದಡ್ಡತನವಲ್ಲ. ಹುಟ್ಟಿದಂದಿನಿಂದ ಅದರ ಕಿವಿ ಆ ಭೇದವನ್ನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ, ಅಷ್ಟೆ. ತೊಗರಿ ಬೆಳೆಯುವ ಈ ನಾಡಿನಲ್ಲಿ ಇನ್ನೊಂದು ಜೋಡಿ ಇದಕ್ಕಿಂತ ಸ್ವಾರಸ್ಯಕರ: ಬೆಳೆ ಮತ್ತು ಬೇಳೆ. ಹೊಲದಲ್ಲಿ ನಿಂತಿರುವುದು ಬೆಳೆ, ಗಡಿಗೆಯಲ್ಲಿ ಬೇಯುವುದು ಬೇಳೆ. ಪುಸ್ತಕದಲ್ಲಿ ಇವೆರಡರ ನಡುವೆ ಇರುವುದು ಬಲಕ್ಕೆ ತಗುಲಿಸಿದ ಒಂದು ದೀರ್ಘದ ಗುರುತು. ಅದನ್ನು ಎಷ್ಟು ಸಲ ತೋರಿಸಿದರೂ, ಧ್ವನಿಯ ಅಂತರ ಕಿವಿಗೆ ಬೀಳುವತನಕ, ಅದು ಕಣ್ಣಿಗೆ ಒಂದು ಅಲಂಕಾರವಾಗಿಯೇ ಉಳಿಯುತ್ತದೆ. ಹಾಗೆಯೇ ಉರ್ದುವಿನಲ್ಲಿ ಳಕಾರವಿಲ್ಲ. ದಖನಿ ಮಾತಾಡುವ ಮನೆಯ ಮಗು 'ಹಳ್ಳಿ' ಎನ್ನಹೋಗಿ 'ಹಲ್ಲಿ' ಎಂದರೆ ತರಗತಿ ನಗುತ್ತದೆ. ನಕ್ಕ ತರಗತಿಯಲ್ಲಿ ಆ ಮಗು ಮತ್ತೆ ಬಾಯಿ ತೆರೆಯಲು ಎಷ್ಟು ದಿನ ಬೇಕು?

ಕನ್ನಡವೇ ಮನೆಮಾತಾದ ಮಗುವಿನ ಕಷ್ಟ ಇನ್ನೊಂದು ಬಗೆಯದು. ಅದು ಮನೆಯಲ್ಲಿ 'ಸಾಲಿಗಿ ಹೋಗ್ಲತ್ತೀನಿ' ಎನ್ನುತ್ತದೆ. ಪುಸ್ತಕ 'ಶಾಲೆಗೆ ಹೋಗುತ್ತಿದ್ದೇನೆ' ಎನ್ನುತ್ತದೆ. ತನ್ನದು ತಪ್ಪು ಕನ್ನಡವೆಂದು ಆರನೆಯ ವಯಸ್ಸಿಗೇ ತಿಳಿದುಕೊಂಡ ಮಗು ಮೌನವಾಗಿಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಗಡಿನಾಡಿನ ಶಾಲೆಗಳ ದೊಡ್ಡ ನಷ್ಟ ಈ ಮೌನ. ಪರೀಕ್ಷೆಯ ಅಂಕಗಳಲ್ಲಿ ಕಾಣುವುದು ಅದರ ನೆರಳು ಮಾತ್ರ.

ಧ್ವನಿಯ ಮೂಲಕ ಪಾಠ ಹೇಳುವ ಪ್ರಯತ್ನ ಹೊಸದೇನೂ ಅಲ್ಲ. ಬಿ.ಬಿ.ಸಿ. ಶಾಲಾ ಮಕ್ಕಳಿಗಾಗಿ ಪ್ರಸಾರವನ್ನು ಆರಂಭಿಸಿದ್ದು 1924ರಲ್ಲಿ. ನಮ್ಮಲ್ಲಿ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ತೆರೆದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 'ಆಕಾಶವಾಣಿ' ಎಂಬ ಹೆಸರು ಆ ಕೇಂದ್ರದ್ದು. ಕನ್ನಡದ ಬಾನುಲಿ ಒಬ್ಬ ಮೇಷ್ಟರ ಮನೆಯಲ್ಲಿ ಹುಟ್ಟಿತೆಂಬುದು ಅಧ್ಯಾಪಕರೆಲ್ಲರೂ ಹೆಮ್ಮೆಪಡಬೇಕಾದ ವಿಷಯ. ಧಾರವಾಡ ಕೇಂದ್ರ 1950ರಲ್ಲೂ, ಬೀದರಕ್ಕೆ ಹತ್ತಿರವಾದ ಕಲಬುರ್ಗಿಯ ಕೇಂದ್ರ 1966ರಲ್ಲೂ ಬಂದವು. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ, ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಟೆಲಿವಿಷನ್ ಪಾಠಗಳು ಬಂದವು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ಹಿರಿಯರಿಗೆ. 1976ರ ಜುಲೈಯಲ್ಲಿ ಉಪಗ್ರಹವನ್ನು ಅದರ ಒಡೆಯರು ಹಿಂದಕ್ಕೆ ಪಡೆದರು. ಪಾಠವೂ ಅದರೊಂದಿಗೆ ಹೊರಟುಹೋಯಿತು. ಹೊರಗಿನಿಂದ ಬರುವ ಯಂತ್ರಗಳ ವಿಚಾರದಲ್ಲಿ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಮತ್ತೊಂದು ಪ್ರಯೋಗ. 1974ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೆಲವರು ಮಧ್ಯ ಅಮೆರಿಕದ ನಿಕರಾಗುವಾದಲ್ಲಿ ಪ್ರಾಥಮಿಕ ತರಗತಿಗಳಿಗೆ ರೇಡಿಯೊ ಮೂಲಕ ಗಣಿತ ಕಲಿಸತೊಡಗಿದರು. ಅವರು ಕಂಡುಕೊಂಡ ಉಪಾಯ ಬಹಳ ಸರಳ. ರೇಡಿಯೊದ ಧ್ವನಿ ಒಂದು ಪ್ರಶ್ನೆ ಕೇಳಿ ಕೆಲವು ಕ್ಷಣ ಸುಮ್ಮನಾಗುವುದು. ಆ ಬಿಡುವಿನಲ್ಲಿ ಮಕ್ಕಳು ಕೂಗಿ ಉತ್ತರ ಹೇಳುವರು. ಆಮೇಲೆ ಧ್ವನಿ ಸರಿಯುತ್ತರವನ್ನು ಹೇಳುವುದು. ಕೇಳುವವರನ್ನು ಮಾತಾಡಿಸುವ ಈ ಕ್ರಮ ಹಲವು ದೇಶಗಳಿಗೆ ಹರಡಿ, ಈ ಶತಮಾನದ ಮೊದಲ ದಶಕದಲ್ಲಿ ಕರ್ನಾಟಕಕ್ಕೂ ಬಂತು. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಅಮೆರಿಕದ ಒಂದು ಶಿಕ್ಷಣ ಸಂಸ್ಥೆಯ ನೆರವಿನಿಂದ ರೂಪಿಸಿದ 'ಚಿಣ್ಣರ ಚುಕ್ಕಿ', 'ಚುಕ್ಕಿ ಚಿಣ್ಣ' ಎಂಬ ಪ್ರಾಥಮಿಕ ತರಗತಿಗಳ ಪಾಠಗಳನ್ನು ಆಕಾಶವಾಣಿ ಬಿತ್ತರಿಸಿತು. 'ಕೇಳಿ ಕಲಿ' ಎಂಬ ಶಾಲಾ ಕಾರ್ಯಕ್ರಮದ ಹೆಸರು ಈಗ ಯುವಕರಾಗಿರುವ ಅನೇಕರಿಗೆ ನೆನಪಿರಬಹುದು. ಹಾಡು, ನಾಟಕ, ಒಗಟು, ಎಣಿಕೆ ಎಲ್ಲವೂ ಆ ಪಾಠಗಳಲ್ಲಿ ಹೆಣೆದುಕೊಂಡಿರುತ್ತಿದ್ದವು.

ಬಾನುಲಿಯ ಪಾಠಕ್ಕೆ ಒಂದು ಮಿತಿ ಮಾತ್ರ ಹುಟ್ಟಿನಿಂದಲೇ ಬಂದದ್ದು: ಅದು ಕಾಯುವುದಿಲ್ಲ. ಪಾಠದ ಹೊತ್ತಿಗೆ ವಿದ್ಯುತ್ತು ಹೋದರೆ ಪಾಠವೂ ಹೋಯಿತು. ಧ್ವನಿ ಕೊಟ್ಟ ನಾಲ್ಕು ಕ್ಷಣಗಳ ಬಿಡುವು ಬೀದರ ನಗರದ ಮಗುವಿಗೂ ಔರಾದದ ತಾಂಡಾದ ಮಗುವಿಗೂ ಒಂದೇ. ಒಂದಕ್ಕೆ ಅದು ಹೆಚ್ಚಾಯಿತು, ಇನ್ನೊಂದಕ್ಕೆ ಸಾಲದಾಯಿತು. ಪಾಡ್‌ಕಾಸ್ಟಿನ ವಿಶೇಷ ಇರುವುದು ಇಲ್ಲಿ. ಅದನ್ನು ಅರ್ಧ ವಾಕ್ಯಕ್ಕೆ ತಡೆಯಬಹುದು, ಹಿಂದಕ್ಕೆ ತರಬಹುದು, ನಾಳೆಗೆ ಉಳಿಸಬಹುದು. ಆ ಉಪಕರಣದಲ್ಲಿ ಅಧ್ಯಾಪಕರಿಗೆ ಎಲ್ಲಕ್ಕಿಂತ ಉಪಯುಕ್ತವಾದ ಭಾಗ ಯಾವುದೆಂದು ನನ್ನನ್ನು ಕೇಳಿದರೆ, ನಿಲ್ಲಿಸುವ ಗುಂಡಿ ಎನ್ನುತ್ತೇನೆ.

ನಿಲ್ಲಿಸದೆ ಕೇಳಿಸಿದ ಪಾಡ್‌ಕಾಸ್ಟು ತರಗತಿಯಲ್ಲಿ ಬಹುಮಟ್ಟಿಗೆ ವ್ಯರ್ಥ. ಪುಟದ ಮೇಲಿನ ವಾಕ್ಯ ಅಲ್ಲೇ ಇರುತ್ತದೆ, ಕಣ್ಣು ಮತ್ತೆ ಅಲ್ಲಿಗೆ ಹೋಗಬಹುದು. ಕಿವಿಗೆ ಬಿದ್ದ ವಾಕ್ಯ ಆ ಕ್ಷಣಕ್ಕೆ ಕರಗುತ್ತದೆ. ಅರ್ಥವಾಗದ ಒಂದು ಪದದ ಬಳಿ ಮಗು ತಡವರಿಸುತ್ತಿರುವಾಗಲೇ ಮುಂದಿನ ಮೂರು ವಾಕ್ಯಗಳು ಸರಿದುಹೋಗಿರುತ್ತವೆ. ಗಮಕದವರು ಇದನ್ನು ಚೆನ್ನಾಗಿ ಬಲ್ಲವರು. ಅಲ್ಲಿ ವಾಚನ ಮಾಡುವವರು ಒಬ್ಬರು, ವ್ಯಾಖ್ಯಾನ ಹೇಳುವವರು ಇನ್ನೊಬ್ಬರು. ಒಂದು ಪದ್ಯವಾದೊಡನೆ ವಾಚನ ನಿಲ್ಲುತ್ತದೆ. ವ್ಯಾಖ್ಯಾನಕಾರರು ಸಭೆಯ ಮುಖ ನೋಡಿ ಎಷ್ಟು ಬೇಕೋ ಅಷ್ಟು ಬಿಡಿಸುತ್ತಾರೆ. ತರಗತಿಯ ಪಾಡ್‌ಕಾಸ್ಟ್ ವಾಚನವಿದ್ದಂತೆ, ಅಧ್ಯಾಪಕರು ವ್ಯಾಖ್ಯಾನಕಾರರಿದ್ದಂತೆ. ಬೀದರದಲ್ಲಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ ಗ್ರಂಥಭಂಡಾರದ ಜೊತೆಗೆ ಉಪನ್ಯಾಸದ ಹಜಾರಗಳೂ ಇದ್ದವು. ಗ್ರಂಥಗಳೆಲ್ಲ ಕೈಬರಹದವಾಗಿದ್ದ ಕಾಲದಲ್ಲಿ ಒಬ್ಬರು ಓದಿ ಹಲವರು ಕೇಳುವುದು ಎಲ್ಲೆಡೆಯೂ ವಿದ್ಯೆಯ ರಾಜಮಾರ್ಗವಾಗಿತ್ತು. ಅಂದಮೇಲೆ ನಾವು ಬಿಟ್ಟುಕೊಟ್ಟ ಒಂದು ಪದ್ಧತಿಯನ್ನು ಹೊಸ ಯಂತ್ರ ನಮಗೆ ನೆನಪಿಸುತ್ತಿದೆ ಎನ್ನಬೇಕು.

ಕಾರ್ಯತಃ ಇದು ಹೇಗೆ ನಡೆಯಬಹುದೆಂಬುದನ್ನು ಆ ಬೆಳೆ ಬೇಳೆಗಳನ್ನೇ ಹಿಡಿದು ನೋಡೋಣ. ಭಾಲ್ಕಿಯ ಕಡೆಯ ರೈತರೊಬ್ಬರು ತೊಗರಿಯ ವಿಚಾರವಾಗಿ ಐದು ನಿಮಿಷ ಮಾತಾಡಿದ ಮುದ್ರಣವೊಂದು ಅಧ್ಯಾಪಕರ ಬಳಿ ಇದೆ ಎಂದುಕೊಳ್ಳಿ. ಮುಂಗಾರಿನಲ್ಲಿ ಬಿತ್ತಿದ್ದು, ಬೆಳೆ ಡಿಸೆಂಬರ್ ಜನವರಿಯವರೆಗೂ ಹೊಲದಲ್ಲಿ ನಿಲ್ಲುವುದು, ಕೊಯ್ದು ಬಡಿದು ಕಾಳು ಮಾಡುವುದು, ನೆನೆಸಿ ಒಣಗಿಸಿ ಬೀಸುಕಲ್ಲಿನಲ್ಲಿ ಒಡೆದು ಬೇಳೆ ಮಾಡುವುದು, ಇಷ್ಟು ಅದರ ಸಾರ. ಮುದ್ರಣವನ್ನು ಹಚ್ಚುವ ಮೊದಲೇ ಮಕ್ಕಳ ಕೈಗೆ ಒಂದು ಪ್ರಶ್ನೆ ಕೊಡಬೇಕು: 'ತೊಗರಿ ಹೊಲದಿಂದ ಗಡಿಗೆಗೆ ಬರಲು ಎಷ್ಟು ಕೆಲಸ ಆಗಬೇಕು? ಎಣಿಸಿರಿ.' ಪ್ರಶ್ನೆಯಿಲ್ಲದ ಕಿವಿ ಅಲೆದಾಡುತ್ತದೆ. ಮೊದಲ ಸಲ ಪೂರ್ತಿ ಕೇಳಿಸಬೇಕು, ನಡುವೆ ತಡೆಯಬಾರದು. ಎಲ್ಲವೂ ತಿಳಿಯದಿದ್ದರೂ ಚಿಂತೆಯಿಲ್ಲ. ಎರಡನೆಯ ಸಲ ನಿಲ್ಲಿಸಿ ನಿಲ್ಲಿಸಿ ಕೇಳಿಸುವುದು. ಬೆಳೆ ಎಂಬ ಮಾತು ಬಂದಾಗ ಕಿಟಕಿಯ ಕಡೆಗೆ, ಬೇಳೆ ಎಂಬ ಮಾತು ಬಂದಾಗ ಬಿಸಿಯೂಟದ ಅಡುಗೆಮನೆಯ ಕಡೆಗೆ ಕೈ ತೋರಿಸಲು ಹೇಳಿದರೆ, ಯಾವ ಮಗುವಿನ ಕಿವಿಗೆ ದೀರ್ಘ ಬಿದ್ದಿದೆ, ಯಾವುದಕ್ಕೆ ಬಿದ್ದಿಲ್ಲ ಎಂಬುದು ಯಾರನ್ನೂ ಎಬ್ಬಿಸಿ ನಿಲ್ಲಿಸದೆ, ಯಾರನ್ನೂ ನಗೆಗೀಡುಮಾಡದೆ ಅಧ್ಯಾಪಕರಿಗೆ ತಿಳಿದುಹೋಗುತ್ತದೆ. ಮೂರನೆಯ ಸಲ ವಾಕ್ಯದ ನಡುವೆ ತಡೆದು, ಮುಂದಿನ ಮಾತೇನಿರಬಹುದೆಂದು ಮಕ್ಕಳಿಂದಲೇ ಹೇಳಿಸಬೇಕು. ಕೊನೆಗೆ ನಮ್ಮ ಹಳೆಯ ಉಕ್ತಲೇಖನ. ಒಂದು ಕಾಲದಲ್ಲಿ ದಿನವೂ ನಡೆಯುತ್ತಿದ್ದ ಆ ಅಭ್ಯಾಸವನ್ನು ಹಳಸಲೆಂದು ಬಿಟ್ಟವರೇ ಬಹಳ. ನಾಲ್ಕೇ ವಾಕ್ಯಗಳಾದರೂ ಕೇಳಿ ಬರೆದ ಮಗುವಿಗೆ ದೀರ್ಘದ ಗುರುತು ಏತಕ್ಕಿದೆ ಎಂಬುದು ಅಂದು ಗೊತ್ತಾಗುತ್ತದೆ.

ಐದು ನಿಮಿಷದ ಮುದ್ರಣಕ್ಕೆ ನಲವತ್ತು ನಿಮಿಷದ ಪಾಠ. ಈ ಪ್ರಮಾಣ ಕಂಡು ಕೆಲವರು ಹೌಹಾರಬಹುದು. ಅರ್ಧ ಗಂಟೆಯ ಪಾಡ್‌ಕಾಸ್ಟನ್ನು ಹಚ್ಚಿಟ್ಟು ಹಾಜರಿ ಪುಸ್ತಕ ತುಂಬುವುದಕ್ಕೆ ಕುಳಿತರೆ ಅದಕ್ಕೆ ಪಾಠವೆಂಬ ಹೆಸರು ಸಲ್ಲದು.

ಇನ್ನು ಯಾರ ಧ್ವನಿ ಎಂಬ ಪ್ರಶ್ನೆ. ಕನ್ನಡದಲ್ಲಿ ಮಕ್ಕಳಿಗಾಗಿ ಕೇಳುವ ಸಾಮಗ್ರಿ ಈಗ ಸಾಕಷ್ಟಿದೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯವರು 'ಕಥೆ ಖಜಾನೆ' ಎಂಬ ಹೆಸರಿನಲ್ಲಿ ಧ್ವನಿರೂಪದ ಕಥೆಗಳನ್ನು ಅಧ್ಯಾಪಕರಿಗೆ ಒದಗಿಸಿದ್ದಾರೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಓದುತ್ತ ಕೇಳಬಹುದಾದ ಪುಸ್ತಕಗಳಿವೆ. ದೊಡ್ಡವರಿಗಾಗಿ ನಡೆಯುವ ಕನ್ನಡ ಪಾಡ್‌ಕಾಸ್ಟುಗಳೂ ಹಲವು. ಇವೆಲ್ಲ ಬೇಕು. ಆದರೆ ಇವುಗಳಲ್ಲಿ ಬಹುಪಾಲು ಕೇಳುವುದು ದಕ್ಷಿಣದ, 'ಶಿಷ್ಟ' ಎನಿಸಿಕೊಂಡ ಕನ್ನಡ. ಔರಾದದ ಮಗುವಿಗೆ ಮೊದಲ ದಿನವೇ ಅದನ್ನು ಕೇಳಿಸಿದರೆ, ಪುಸ್ತಕದ ಜೊತೆಗೆ ಇನ್ನೊಂದು ಯಂತ್ರವೂ ತನ್ನ ಮಾತು ತಪ್ಪೆಂದು ಸಾರುತ್ತಿದೆ ಎಂದು ಅದಕ್ಕೆ ಅನ್ನಿಸೀತು. ಆದ್ದರಿಂದ ಮೊದಲು ಬೀದರದ ಕನ್ನಡ ಕೇಳಲಿ. 'ಹೋಗ್ಲತ್ತೀನಿ' ಎಂದು ಒಬ್ಬ ಅಜ್ಜಿ ಗತ್ತಿನಿಂದ ಹೇಳುವುದನ್ನು ತರಗತಿಯ ಪೆಟ್ಟಿಗೆಯಿಂದ ಕೇಳಿದ ಮಗು ತಲೆ ಎತ್ತುತ್ತದೆ. ಆಮೇಲೆ 'ಇದನ್ನೇ ಪುಸ್ತಕದವರು ಹೇಗೆ ಹೇಳುತ್ತಾರೆ, ಮೈಸೂರಿನವರು ಹೇಗೆ ಹೇಳುತ್ತಾರೆ' ಎಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿಸಿದರೆ ಅದು ವ್ಯಾಕರಣದ ಒಳ್ಳೆಯ ಪಾಠವೂ ಆಗುತ್ತದೆ. ಮರಾಠಿ, ಲಂಬಾಣಿ, ಉರ್ದು ಮನೆಗಳ ಮಕ್ಕಳಿಗೂ ಇದೇ ನ್ಯಾಯ ಸಲ್ಲಬೇಕು. ಅವರ ಮನೆಯ ಕಥೆಯೊಂದು ಅವರ ಮಾತಿನಲ್ಲೇ ಒಮ್ಮೆ ತರಗತಿಯಲ್ಲಿ ಕೇಳಿಬಂದು, ಅದನ್ನು ಆ ಮಗುವೇ ಕನ್ನಡಕ್ಕೆ ತಂದು ಉಳಿದವರಿಗೆ ಹೇಳಿದರೆ, ಅಂದಿನ ಅಧ್ಯಾಪಕ ಆ ಮಗುವೇ.

ಇಲ್ಲಿಂದ ಮುಂದಿನ ಹೆಜ್ಜೆ ತಾನಾಗಿ ಬರುತ್ತದೆ: ಪಾಡ್‌ಕಾಸ್ಟನ್ನು ಮಕ್ಕಳೇ ಮಾಡುವುದು. 2004ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ ಹೊಸದಾಗಿ ಸೇರಿದ ಸುಮಾರು 1,650 ವಿದ್ಯಾರ್ಥಿಗಳಿಗೆ ಐಪಾಡುಗಳನ್ನು ಹಂಚಿತು. ಹೆಚ್ಚಿನ ಪ್ರಯೋಜನ ಕಂಡದ್ದು ಭಾಷೆ ಮತ್ತು ಸಂಗೀತದ ತರಗತಿಗಳಲ್ಲಿ. ಮರುವರ್ಷದಿಂದ ಅವಶ್ಯವಿದ್ದ ತರಗತಿಗಳಿಗಷ್ಟೇ ಕೊಟ್ಟರು. ಹೊರಗಿನ ಮಾತು ಅಷ್ಟು ಸಾಕು. ನಮ್ಮ ನಾಡಿನಲ್ಲೇ, ಸಮುದಾಯ ರೇಡಿಯೊಗೆ ಪರವಾನಗಿ ದೊರೆಯದಿದ್ದ ದಿನಗಳಲ್ಲಿ, ಕೋಲಾರ ಜಿಲ್ಲೆಯ ಬೂದಿಕೋಟೆಯ ಹಳ್ಳಿಗರು 'ನಮ್ಮ ಧ್ವನಿ' ಎಂಬ ಹೆಸರಿನಲ್ಲಿ ತಾವೇ ಕಾರ್ಯಕ್ರಮ ಮುದ್ರಿಸಿ ಕೇಬಲ್ ತಂತಿಯ ಮೂಲಕ ಮನೆಮನೆಗೆ ಮುಟ್ಟಿಸಿದರು. ಇಂದು ಅಷ್ಟು ಸಾಹಸವೂ ಬೇಡ. ಅಧ್ಯಾಪಕರ ಜೇಬಿನಲ್ಲಿರುವ ಫೋನೇ ಮುದ್ರಣಯಂತ್ರ.

ಬೀದರದ ಮಕ್ಕಳಿಗೆ ವಿಷಯದ ಬರವಿಲ್ಲ. ಬಿದರಿ ಕೆಲಸದ ಒಂದು ಕಾರ್ಖಾನೆಗೆ ಹೋಗಿ ಕುಳಿತರೆ ಸಾಕು. ಸತುವು ತಾಮ್ರಗಳ ಎರಕದ ಹೂಜಿಯ ಮೇಲೆ ಉಳಿ ಓಡುವ ಸದ್ದು ಬೇರೆ, ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವ ಸದ್ದು ಬೇರೆ. ಕಣ್ಣುಮುಚ್ಚಿ ಕೇಳಿದರೂ ಕೆಲಸ ಯಾವ ಹಂತದಲ್ಲಿದೆ ಎಂದು ಹೇಳಬಹುದು. ಕೊನೆಯಲ್ಲಿ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಬೆರೆಸಿ ಕುದಿಸಿದ ನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಾಗಿ ಬೆಳ್ಳಿ ಬೆಳಗುತ್ತದೆ. ಈ ಗಳಿಗೆ ಸದ್ದಿಲ್ಲದ್ದು. ಅದನ್ನು ಮಗು ಮಾತಿನಲ್ಲೇ ಕಟ್ಟಿಕೊಡಬೇಕು, ಕಾಣದವರಿಗೆ ಕಾಣುವ ಹಾಗೆ. ಪ್ರಬಂಧ ಬರೆಯಿರೆಂದು ಹೇಳಿದಾಗ ನಾಲ್ಕು ಗೆರೆಗೆ ನಿಲ್ಲುವ ಮಗು, ಎದುರಿಗೆ ಕೇಳುವವರಿದ್ದಾರೆಂದು ಅರಿತಾಗ ಸರಿಯಾದ ಪದಕ್ಕಾಗಿ ಹುಡುಕತೊಡಗುತ್ತದೆ. ಭಾಲ್ಕಿಯ ಮಕ್ಕಳು ರೈಲು ನಿಲ್ದಾಣಕ್ಕೆ ಹೋದರೆ ಉದಗೀರ, ಪರಳಿಗಳ ಕಡೆಯ ಮರಾಠಿಯೂ ಹೈದರಾಬಾದಿನ ಕಡೆಯ ಉರ್ದುವೂ ಒಂದೇ ಬೆಂಚಿನ ಮೇಲೆ ಸಿಗುತ್ತವೆ. ನೌಬಾದಿನ ಬಳಿ ಬಹಮನಿ ಅರಸರ ಕಾಲದಲ್ಲಿ ನೆಲದಡಿ ಕೊರೆದ ಕರೇಜ್ ಎಂಬ ನೀರಿನ ಕಾಲುವೆಯ ವಿಚಾರವಿದೆ. ಮೊಹರಂ ಪದಗಳಿವೆ, ಬುಲಾಯಿ ಹಾಡುಗಳಿವೆ, ಬೀಸುವ ಪದಗಳಿವೆ. ಬೀಸುಕಲ್ಲು ಮೂಲೆ ಸೇರಿದ ಮೇಲೆ ಅವನ್ನು ಬಲ್ಲ ಮುದುಕಿಯರ ಸಂಖ್ಯೆ ವರ್ಷವರ್ಷಕ್ಕೂ ಇಳಿಯುತ್ತಿದೆ. ಆ ಹಾಡುಗಳನ್ನು ವಿದ್ವಾಂಸರು ಬಂದು ಸಂಗ್ರಹಿಸಲಿ ಎಂದು ಕಾಯುವಷ್ಟು ಹೊತ್ತು ಇಲ್ಲ. ಮೊಮ್ಮಕ್ಕಳು ಮನೆಯಲ್ಲೇ ಇದ್ದಾರೆ.

ಔರಾದದಲ್ಲಿ ಅಮರೇಶ್ವರನ ಜಾತ್ರೆ, ಆ ಸೀಮೆಯ ಹೆಸರಾಂತ ದೇವಣಿ ತಳಿಯ ದನಗಳು. ನಮ್ಮ ದನದ ಜಾತ್ರೆಗಳಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವ ರೂಢಿ ಉಂಟಷ್ಟೆ. ಎಷ್ಟು ಒಳ್ಳೆಯ ಮುದ್ರಣಯಂತ್ರ ಹಿಡಿದು ನಿಂತರೂ ವ್ಯಾಪಾರದ ಮುಖ್ಯ ಮಾತು ಅದಕ್ಕೆ ಸಿಕ್ಕುವುದಿಲ್ಲ!

ಮೊದಲ ಸಲ ತನ್ನ ಧ್ವನಿಯನ್ನು ತಾನೇ ಕೇಳಿದ ಮಗು ಸಾಮಾನ್ಯವಾಗಿ 'ಇದು ನನ್ನದಲ್ಲ' ಎನ್ನುತ್ತದೆ. ಅದಕ್ಕೆ ಕಾರಣವನ್ನು ಅಲ್ಲೇ ವಿಜ್ಞಾನದ ಪಾಠವಾಗಿ ಹೇಳಬಹುದು. ನಾವು ಮಾತಾಡುವಾಗ ನಮ್ಮ ಧ್ವನಿ ಗಾಳಿಯ ಮೂಲಕವೂ ತಲೆಬುರುಡೆಯ ಎಲುಬಿನ ಮೂಲಕವೂ ಒಳಗಿವಿಗೆ ತಲುಪುತ್ತದೆ. ಎಲುಬು ಮಂದ್ರದ ಅಂಶವನ್ನು ಚೆನ್ನಾಗಿ ಒಯ್ಯುತ್ತದೆ. ಮುದ್ರಣದಲ್ಲಿರುವುದು ಗಾಳಿಯ ದಾರಿಯದು ಮಾತ್ರ. ಆದ್ದರಿಂದ ಅದು ತೆಳುವಾಗಿ ಕೇಳಿಸುತ್ತದೆ. ಲೋಕ ಕೇಳುತ್ತ ಬಂದಿರುವುದು ಆ ಧ್ವನಿಯನ್ನೇ ಎಂದು ತಿಳಿದಾಗ ಮಕ್ಕಳ ಮುಖದ ಮೇಲೆ ಮೂಡುವ ವಿಸ್ಮಯ ನೋಡತಕ್ಕದ್ದು.

ಸಲಕರಣೆಯ ವಿಚಾರಕ್ಕೆ ಹೆಚ್ಚು ಹೊತ್ತು ಬೇಡ. ಮಾತಿನ ಮುದ್ರಣ ಬಹಳ ಹಗುರವಾದದ್ದು. ಸಾಧಾರಣ ಗುಣಮಟ್ಟದಲ್ಲಿ ಒಂದು ನಿಮಿಷಕ್ಕೆ ಸುಮಾರು 480 ಕಿಲೊಬೈಟ್, ಹತ್ತು ನಿಮಿಷಕ್ಕೆ 5 ಮೆಗಾಬೈಟಿನ ಒಳಗೆ. ಅಷ್ಟೇ ಹೊತ್ತಿನ ವಿಡಿಯೊಗೆ ಇದರ ಎಷ್ಟೋ ಪಟ್ಟು ಬೇಕಾಗುತ್ತದೆ. ಸಿಗ್ನಲ್ ಸಿಗದ ತಾಂಡಾದ ಶಾಲೆಗೆ ಅಧ್ಯಾಪಕರು ಬೀದರದಲ್ಲೋ ಔರಾದ ಪಟ್ಟಣದಲ್ಲೋ ಇಳಿಸಿಕೊಂಡು ಮೆಮೊರಿ ಕಾರ್ಡಿನಲ್ಲಿ ಒಯ್ಯಬಹುದು. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ನಮ್ಮ ರಾಜ್ಯದ 'ವಿದ್ಯಾಗಮ' ಯೋಜನೆ ಮಕ್ಕಳನ್ನು ಫೋನೇ ಇಲ್ಲದವರು, ಸಾದಾ ಫೋನಿರುವವರು, ಇಂಟರ್ನೆಟ್ಟಿನ ಫೋನಿರುವವರು ಎಂದು ವಿಂಗಡಿಸಬೇಕಾಯಿತು. ಮೊದಲ ಗುಂಪಿನವರ ಬಳಿಗೆ ಅಧ್ಯಾಪಕರೇ ಹೋಗಿ ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಪಾಠ ಹೇಳಿದರು. ಅಂಥ ಕಟ್ಟೆಯ ಮೇಲೂ ಒಂದು ಪುಟ್ಟ ಸ್ಪೀಕರ್ ಕೆಲಸ ಮಾಡುತ್ತದೆ. ಆದರೆ ತಗಡಿನ ಮಾಡಿನ ಕೋಣೆಯಲ್ಲಿ ಮಳೆ ಬರುವಾಗ ಕೇಳುವ ಪಾಠ ಇಟ್ಟುಕೊಳ್ಳಬಾರದು, ಸ್ಪೀಕರನ್ನು ಮೇಜಿನ ಮೇಲೆ ಇಡದೆ ಮಕ್ಕಳ ನಡುವೆ ಇಡಬೇಕು ಎಂಬಂಥ ಸಣ್ಣ ಸಂಗತಿಗಳನ್ನು ಯಾವ ಸುತ್ತೋಲೆಯೂ ಹೇಳುವುದಿಲ್ಲ, ಅನುಭವ ಹೇಳಿಕೊಡುತ್ತದೆ.

ಎರಡು ಅಪಾಯಗಳನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಈ ಭಾಗದ ಶಾಲೆಗಳಲ್ಲಿ ಅಧ್ಯಾಪಕರ ಹುದ್ದೆಗಳು ಖಾಲಿ ಉಳಿಯುವುದು ಹಳೆಯ ವ್ಯಥೆ. ಯಂತ್ರವೊಂದು ಪಾಠ ಹೇಳಬಲ್ಲುದೆಂದು ತೋರಿದೊಡನೆ, ಖಾಲಿ ಹುದ್ದೆಗೆ ಅದನ್ನೇ ನೇಮಿಸಿಬಿಡುವ ಆಸೆ ಆಳುವವರಿಗೆ ಹುಟ್ಟೀತು. ನಿಲ್ಲಿಸುವ ಗುಂಡಿಯನ್ನು ಯಾವಾಗ ಒತ್ತಬೇಕೆಂಬುದನ್ನು ಮಕ್ಕಳ ಮುಖ ನೋಡಿ ತೀರ್ಮಾನಿಸುವವರು ಇಲ್ಲದಿದ್ದರೆ ನಾನು ಈವರೆಗೆ ಹೇಳಿದ್ದೆಲ್ಲ ನಿಷ್ಪ್ರಯೋಜಕ. ಎರಡನೆಯದು, ಕಿವಿ ಕೇಳಿಸದ ಅಥವಾ ಮಂದವಾಗಿ ಕೇಳಿಸುವ ಮಗು. ಧ್ವನಿಯ ಪಾಠ ನಡೆಯುವಾಗ ಅದು ತರಗತಿಯ ಹೊರಗಿದ್ದಂತೆಯೇ. ಪ್ರತಿಯೊಂದು ಮುದ್ರಣಕ್ಕೂ ಬರಹರೂಪ ಜೊತೆಗಿರಬೇಕು. ಆ ಬರಹವನ್ನು ದೊಡ್ಡ ತರಗತಿಯ ಮಕ್ಕಳಿಂದ ಮಾಡಿಸಿದರೆ ಅವರಿಗೂ ಅದು ಅಭ್ಯಾಸ.

ಮಕ್ಕಳ ಧ್ವನಿಯನ್ನು ಇಂಟರ್ನೆಟ್ಟಿಗೆ ಏರಿಸುವ ಉತ್ಸಾಹವೂ ಹಿಡಿತದಲ್ಲಿರಬೇಕು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷ ತುಂಬದವರ ಮಾಹಿತಿಗೆ ತಂದೆತಾಯಿಯರ ಒಪ್ಪಿಗೆ ಬೇಕೆಂದಿದೆ. ಕಾನೂನು ಹಾಗಿರಲಿ, ಅಜ್ಜಿಯೊಬ್ಬಳು ಮೊಮ್ಮಗಳಿಗೆಂದು ಹಾಡಿದ ಹಾಡು ಊರೆಲ್ಲ ತಿರುಗುವ ಮುನ್ನ ಅವಳನ್ನೊಮ್ಮೆ ಕೇಳುವುದು ಸೌಜನ್ಯ. ತರಗತಿಯ ಪಾಡ್‌ಕಾಸ್ಟ್ ತರಗತಿಯಲ್ಲೇ, ಹೆಚ್ಚೆಂದರೆ ನೆರೆಯ ಎರಡು ಮೂರು ಶಾಲೆಗಳಲ್ಲಿ ಕೇಳಿದರೂ ಅದರ ಕೆಲಸವಾಯಿತು. ಭಾಲ್ಕಿಯ ಶಾಲೆಯೊಂದು ಮಾಡಿದ್ದನ್ನು ಔರಾದದ ಶಾಲೆಗೆ ಕಳಿಸಿ, ಅಲ್ಲಿಯದನ್ನು ಇಲ್ಲಿಗೆ ತರಿಸಿಕೊಳ್ಳಬಹುದು. ಹೀಗೆ ಕೂಡಿದ ಮುದ್ರಣಗಳನ್ನು ಶಾಲೆಯ ಕಪಾಟಿನಲ್ಲಿ ಒಂದು ಪೆನ್‌ಡ್ರೈವಿಗೆ ತುಂಬಿ, ಪಕ್ಕದಲ್ಲಿ ಒಂದು ನೋಟುಬುಕ್ಕು ಇಡಬೇಕು. ಯಾವ ಊರು, ಯಾವ ತಾರೀಖು, ಯಾವ ಭಾಷೆ, ಹಾಡಿದ್ದೋ ಮಾತಾಡಿದ್ದೋ, ಹೊರಗೆ ಕೇಳಿಸಲು ಒಪ್ಪಿಗೆ ಇದೆಯೋ ಇಲ್ಲವೋ ಎಂಬುದನ್ನು ಅದರಲ್ಲಿ ಬರೆದಿಡುವ ಕೆಲಸವನ್ನು ಏಳನೆಯ ತರಗತಿಯ ಮಕ್ಕಳಿಗೇ ಒಪ್ಪಿಸಬಹುದು.